ಹಾಡು ಮುಗಿಯುವ ಜಾಗ

ಬಚ್ಚಲುಮನೆಯಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ಮಗ್ಗು ಬಕೆಟ್ಟಿಗೆ ತಾಗಿದ ಸದ್ದು, ನೀರು ನೆಲಕ್ಕೆ ಬಿದ್ದ ಸದ್ದು, ಮತ್ತೆ ಮಗ್ಗು. ಒಲೆಯ ಮುಂದೆ ನಿಂತಿದ್ದ ಅವಳು ಹಾಲು ಉಕ್ಕಿದ್ದನ್ನೂ ಗಮನಿಸದೆ ಕಿವಿಗೊಟ್ಟಳು. ತಂಗಿ ಹಾಡುತ್ತಿರಲಿಲ್ಲ. ನಿನ್ನೆಯೂ ಹಾಡಿರಲಿಲ್ಲ. ಮಾತು ಬಿಟ್ಟಿದ್ದಾಳೆ ಎಂದು ದೂರುವ ಹಾಗೂ ಇಲ್ಲ. ಕಾಫಿ ಬೇಕಾ ಎಂದರೆ ಬೇಕು ಎನ್ನುತ್ತಾಳೆ, ಬೀಗದ ಕೈ ಎಲ್ಲಿ ಎಂದರೆ ತೋರಿಸುತ್ತಾಳೆ, ಮುಖವನ್ನೂ ಊದಿಸಿಕೊಂಡಿಲ್ಲ. ಆದರೆ ಸ್ನಾನ ಮಾಡುತ್ತ ಹಾಡದ ತಂಗಿಯನ್ನು ಈ ಮನೆ ಕಂಡಿದ್ದೇ ಇಲ್ಲ. ಪರೀಕ್ಷೆಯಲ್ಲಿ ಫೇಲಾದ ದಿನವೂ ಹಾಡಿದ್ದಳು, ಜ್ವರ ಬಂದಾಗ ಮೂಗಿನಲ್ಲೇ ಹಾಡಿದ್ದಳು. ಅಮ್ಮ ಹೋದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಿಂದ ಸಣ್ಣಗೆ ಹಾಡು ಕೇಳಿಸಿದಾಗಲೇ ಈ ಮನೆಯಲ್ಲಿ ಇನ್ನು ಬದುಕಬಹುದು ಎಂದು ಅವಳಿಗೆ ಅನ್ನಿಸಿದ್ದು. ಬರುವ ತಿಂಗಳು ತಂಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಹೀಗೆ ಹಾಡದೆಯೇ ಹೋಗಿಬಿಟ್ಟರೆ? ಅವಳು ಉಕ್ಕಿದ ಹಾಲನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ಕೈಚೀಲದಿಂದ ಇವತ್ತಿನ ಸಂಜೆಯ ಹಾಡಿನ ಕಾರ್ಯಕ್ರಮದ ಎರಡು ಟಿಕೆಟ್ಟುಗಳಲ್ಲಿ ಒಂದನ್ನು ತೆಗೆದು, ತಂಗಿ ತಲೆ ಬಾಚಿಕೊಳ್ಳುವ ಕನ್ನಡಿಯ ಅಂಚಿಗೆ ಸಿಕ್ಕಿಸಿದಳು. ಏನಾದರೂ ಬರೆದಿಡೋಣ ಎಂದು ಪೆನ್ನು ಹುಡುಕಿದಳು. ಏನು ಬರೆಯುವುದೆಂದು ತೋಚದೆ, ಚಪ್ಪಲಿ ಮೆಟ್ಟಿಕೊಂಡು, ಬಚ್ಚಲಿನ ಬಾಗಿಲಿಗೆ "ಬರ್ತೀನಿ ಕಣೇ" ಎಂದು ಹೇಳಿ ಹೊರಟಳು. ಒಳಗಿನಿಂದ "ಹೂಂ" ಎಂದಿತು.

ಮೊನ್ನೆ ಊಟಕ್ಕೆ ಬಂದವರು ಇಬ್ಬರೇ. ತಂಗಿಯನ್ನು ಮದುವೆಯಾಗುವ ಹುಡುಗ ಮತ್ತು ಅವನ ತಾಯಿ. ಹುಡುಗ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಊಟದ ಮೇಜಿನ ಕೆಳಗೂ ಬಲಗಾಲನ್ನು ಬ್ರೇಕಿನ ಮೇಲಿಟ್ಟುಕೊಂಡವನ ಹಾಗೆ ಕೂತಿರುತ್ತಾನೆ. ಒಳ್ಳೆಯವನು. ಏನಾದರೂ ಮಾತಾಡಬೇಕಲ್ಲ ಎಂದು, "ಅಕ್ಕಾ, ನಿಮಗೆ ಯಾವ ಥರದ ಹಾಡು ಇಷ್ಟ?" ಎಂದು ಕೇಳಿದ. ಕೇಳಬಾರದಿತ್ತು. ಅವಳಿಗೆ ಹಾಡಿನ ಮಾತು ಸಿಕ್ಕಿದರೆ ಊಟ ತಣ್ಣಗಾಗುವುದೂ ಗೊತ್ತಾಗುವುದಿಲ್ಲ. ತನ್ನ ಪ್ರೀತಿಯ ಬ್ಯಾಂಡಿನ ಬಗ್ಗೆ, ಅವರ ಕೊಡೆ ಹಾಡಿನ ಬಗ್ಗೆ, ಆ ಹಾಡು ಮುಗಿಯುವ ರೀತಿಯ ಬಗ್ಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೇಳಿದಳು. "ಕೊನೇಲಿ ಬಾಗಿಲು ಅಂತ ಹೇಳಿ ನಿಲ್ಲಿಸಿಬಿಡ್ತಾನೆ. ಆಮೇಲೆ ಟಕ್ ಅಂತ ಚಿಲಕ ಹಾಕಿದ ಸದ್ದು. ಅಷ್ಟೇ, ಮುಗೀತು! ಇನ್ಯಾರಿಗಿದೆ ಹೇಳಿ ಅಷ್ಟು ಧೈರ್ಯ?" ಹುಡುಗ ಹುಬ್ಬು ಗಂಟಿಕ್ಕಿ, "ಆದ್ರೆ ಅಕ್ಕಾ, ಅದರಲ್ಲಿ..." ಎಂದು ಬಾಯಿ ತೆರೆದ. "ಇನ್ನೊಂಚೂರು ಹಾಕ್ಕೊಳ್ಳಿ" ಎಂದು ತಂಗಿ ಅವನು ಬೇಡವೆನ್ನುವುದರೊಳಗೆ ತಟ್ಟೆ ತುಂಬಿಸಿದಳು. ಊಟವಾದ ಮೇಲೆ ತಂಗಿಯ ಸರದಿ ಬಂತು. ಮದುವೆಯ ಛತ್ರದೊಳಗೆ ತಾನು ನಡೆದು ಬರುವಾಗ ಹಾಕಬೇಕಾದ ಹಾಡು ಇದು ಎಂದು ಫೋನಿನಲ್ಲಿ ಹಚ್ಚಿದಳು. ಕಳೆದ ಆರು ತಿಂಗಳಿಂದ ಅಂಗಡಿ, ಬಸ್ಸು, ಪಕ್ಕದ ಮನೆ, ಎಲ್ಲಿ ಹೋದರೂ ಬೆನ್ನು ಬಿಡದ ಹಾಡು. ಹಾಡಿದವಳಿಗೆ ಅಕ್ಕ ಇಟ್ಟಿದ್ದ ಹೆಸರು ಮಿಂಚುಪುಡಿ, ಕೆನ್ನೆ ಕಣ್ಣು ಭುಜಕ್ಕೆಲ್ಲ ಮಿಂಚು ಬಳಿದುಕೊಂಡು ಬರುತ್ತಾಳೆಂದು. "ಇದರಲ್ಲಿ ಹಾಡ್ತಿರೋದು ಅವಳೋ, ಮಿಕ್ಸಿಯೋ?" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎದ್ದು ನಿಂತು, ಸೌಟನ್ನೇ ಮೈಕು ಮಾಡಿಕೊಂಡು, ಆ ಬಿಕ್ಕಳಿಕೆ, ಆ ಏರುವ "ಓಹೋ ಓಹೋ", ಆ ಭುಜ ಕುಣಿಸುವುದು, ಎಲ್ಲವನ್ನೂ ಮಾಡಿ ತೋರಿಸಿದಳು. ಹುಡುಗನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹುಡುಗನೂ ನಕ್ಕ. ತಂಗಿಯೂ ನಕ್ಕಳು. ಆಮೇಲೆ ಫೋನನ್ನು ಮಗುಚಿಟ್ಟು, "ಇರ್ಲಿ ಬಿಡು, ಮದುವೆಗೆ ಹಾಡುಗೀಡು ಏನೂ ಬೇಡ" ಎಂದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವ ನೀರು ತುಂಬ ಹೊತ್ತು ಹರಿಯಿತು.

ದಾರಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಕೊಡೆ ಹಾಡನ್ನೇ ಹಚ್ಚಿದಳು. ಮನಸ್ಸು ಕೆಟ್ಟಾಗ ಇದೇ ಔಷಧಿ. ಬ್ಯಾಂಡಿನಲ್ಲಿ ಇದ್ದದ್ದು ಮೂವರು. ನೆಗಡಿಯಾದವನ ಹಾಗೆ ಹಾಡುವ ಒಬ್ಬ, ಡ್ರಮ್ ಬಾರಿಸುವ ಒಬ್ಬಳು, ಯಾವ ಫೋಟೋದಲ್ಲೂ ತಲೆಯೆತ್ತದ ಗಿಟಾರಿನವನು. ಒಂದೇ ಒಂದು ಕ್ಯಾಸೆಟ್ಟು ಮಾಡಿ ಎಲ್ಲೋ ಕರಗಿಹೋದರು. ಹಾಸ್ಟೆಲಿನಲ್ಲಿ ಜೊತೆಗಿದ್ದ ಕಡ್ಡಿ (ಅಷ್ಟು ಸಣಕಲು, ಅವಳ ಬಟ್ಟೆ ಬೇರೆ ಯಾರಿಗೂ ಆಗುತ್ತಿರಲಿಲ್ಲ) ತನ್ನಣ್ಣನ ಕ್ಯಾಸೆಟ್ಟಿನಿಂದ ಕದ್ದು ಇನ್ನೊಂದಕ್ಕೆ ತುಂಬಿಕೊಟ್ಟಿದ್ದಳು. ರಜೆಯಲ್ಲಿ ಮನೆಗೆ ಬಂದು ಹಚ್ಚಿದಾಗ ಏಳು ವರ್ಷದ ತಂಗಿ ಬಾಯಲ್ಲಿ ಬೆರಳಿಟ್ಟುಕೊಂಡು ಕೇಳಿ, "ಅಕ್ಕಾ, ಇವರಿಗೆ ನೆಗಡಿಯಾಗಿದೆಯಾ?" ಎಂದಿದ್ದಳು. ಅಂದಿನಿಂದ ಮನೆಯಲ್ಲಿ ಅವರ ಹೆಸರು ನೆಗಡಿಯವರು. ನೆಗಡಿಯವರ ಹಾಡುಗಳಲ್ಲಿ ಕುರ್ಚಿ ಕಿರುಗುಡುತ್ತಿತ್ತು, ಯಾರೋ ಕೆಮ್ಮುತ್ತಿದ್ದರು, ಒಂದರಲ್ಲಿ ಫೋನು ರಿಂಗಾಗಿ ಯಾರೂ ಎತ್ತದೆ ನಿಂತುಹೋಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ ಹಾಡುವವರನ್ನು ಅವಳು ಪ್ರೀತಿಸತೊಡಗಿದ್ದು ಅಲ್ಲಿಂದಲೇ. ಕ್ಯಾಸೆಟ್ಟಿನ ಕೊನೆಯ ಹಾಡು ಕೊಡೆಯದು. ಒಬ್ಬ ಜಗಳವಾಡಿ ಮನೆಯಿಂದ ಹೊರಡುತ್ತಾನೆ, ಕೊಡೆ ಮರೆತು ಹೋಗುತ್ತಾನೆ, ಮಳೆ ಬರುತ್ತದೆ, ಮರಳುತ್ತಾನೆ. "ನೆನೆದು ಮರಳಿ ಬಂದರೆ ನಿನ್ನ ಬಾಗಿಲು..." ಎನ್ನುವಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ನಿಲ್ಲುತ್ತವೆ. ಒಂದು ಉಸಿರಿನಷ್ಟು ಮೌನ. ಟಕ್. ಆಮೇಲೆ ಬರೀ ಟೇಪಿನ ಸುಯ್ಯೆನ್ನುವ ಸದ್ದು. ಮೊದಲ ಸಲ ಕೇಳಿದಾಗ ಅವಳು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ್ದಳು.

ಇಷ್ಟು ವರ್ಷವೂ ಆ ಟಕ್ಕಿನ ಮೇಲೆ ಅವಳು ಒಂದು ಮನೆಯನ್ನೇ ಕಟ್ಟಿಕೊಂಡಿದ್ದಳು. ಯಾರನ್ನಾದರೂ ತಾನಾಗಿ ದೂರ ಮಾಡಿಕೊಂಡಾಗ, ಒಂದು ಸಲ ಮದುವೆಯವರೆಗೂ ಬಂದ ಸಂಬಂಧ ಮುರಿದಾಗ, ಅತ್ತು ಕರೆದು ರಂಪ ಮಾಡದೆ ಇದ್ದದ್ದು ಆ ಹಾಡು ಕಲಿಸಿದ್ದರಿಂದ ಎಂದುಕೊಂಡಿದ್ದಳು. ಬಾಗಿಲು ಹಾಕಿಕೊಂಡರೆ ಹಾಕಿಕೊಂಡಿತು; ಅದಕ್ಕೆ ಇನ್ನೊಂದು ಚರಣ ಬೇಕಿಲ್ಲ. ಕ್ಯಾಸೆಟ್ಟು ಸವೆಯುತ್ತ ಬಂದಾಗ ಅದನ್ನು ಫೋನಿಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದಳು. ಅಂಗಡಿಯವನು, "ಕೊನೇಲಿ ಏನೋ ಸದ್ದಿದೆ ಮೇಡಂ, ತೆಗೆದುಬಿಡ್ಲಾ?" ಎಂದಾಗ, "ಮುಟ್ಟಬೇಡಿ! ಅದೂ ಹಾಡೇ" ಎಂದು ಹೆಚ್ಚುಕಡಿಮೆ ಕಿರುಚಿದ್ದಳು. ನೆಗಡಿಯವರ ಹಾಡುಗಳು ಈಗ ಫೋನಿನಲ್ಲೇ ಸಿಗುತ್ತವೆ, ತೊಳೆದು ಇಸ್ತ್ರಿ ಮಾಡಿ ಇಟ್ಟಿದ್ದಾರೆ ಎಂದು ಗೊತ್ತಿದ್ದರೂ ಅವಳು ಆ ಕಡೆ ತಲೆಹಾಕಿರಲಿಲ್ಲ. ಒಂದು ಹಾಡು ಮೊದಲ ಸಲ ಹೇಗೆ ಸಿಕ್ಕಿತೋ ಹಾಗೇ ಕೇಳಬೇಕೆನ್ನುವುದು ಅವಳ ಕಟ್ಟುನಿಟ್ಟು. ತಂಗಿ ಇದಕ್ಕೂ ನಗುತ್ತಿದ್ದಳು. ಹೋದ ವರ್ಷವೋ ಏನೋ, ಕೂದಲು ಕತ್ತರಿಸುವ ಪಾರ್ಲರಿನ ಕೆಲಸ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ, "ಅಕ್ಕಾ, ಇವತ್ತು ನಮ್ಮ ಪಾರ್ಲರಲ್ಲಿ ನಿನ್ನ ಕೊಡೆ ಹಾಡು ಬಂತು" ಎಂದಿದ್ದಳು. "ಹೌದಾ! ಯಾರಾದ್ರೂ ಕೇಳಿದ್ರಾ? ಕೊನೇಲಿ ಏನಂದ್ರು?" ತಂಗಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಡ್ರೈಯರ್ ಸದ್ದಲ್ಲಿ ಎಲ್ಲಿ ಕೇಳ್ಸುತ್ತೆ" ಎಂದು ಕೈ ತೊಳೆಯಲು ಹೋಗಿದ್ದಳು. ಈಗ ನೆಗಡಿಯವರು ಇಷ್ಟು ವರ್ಷದ ಮೇಲೆ ಮತ್ತೆ ಒಟ್ಟಾಗಿ ಇದೇ ಊರಿಗೆ ಬಂದಿದ್ದರು. ಅವಳಿಗೆ ಒಂದೇ ಹೆದರಿಕೆ: ಕೊಡೆ ಹಾಡು ಮುಗಿದದ್ದು ಜನಕ್ಕೆ ಗೊತ್ತಾಗದಿದ್ದರೆ? ಎಲ್ಲರೂ ಸುಮ್ಮನೆ ಕೂತು, ಆ ಮೂವರು ವೇದಿಕೆಯ ಮೇಲೆ ಪೆಚ್ಚಾಗಿ ನಿಲ್ಲಬೇಕಾದರೆ? ಹಾಗಾಗಬಾರದು. ಗೊತ್ತಿರುವವಳು ತಾನೊಬ್ಬಳು ಇದ್ದೇನಲ್ಲ, ತಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ ಎಂದು ಟಿಕೆಟ್ಟು ಕೊಂಡ ದಿನವೇ ನಿಶ್ಚಯಿಸಿಕೊಂಡಿದ್ದಳು.

ಹಲ್ಲು ಮಾಡುವ ಲ್ಯಾಬಿನಲ್ಲಿ ಶನಿವಾರದ ಕೆಲಸ ಮಧ್ಯಾಹ್ನ ದಾಟಿ ಒಂದಷ್ಟು ಹೊತ್ತಿನವರೆಗೆ, ಅಷ್ಟೇ. ಅವಳ ಮೇಜಿನ ಮೇಲೆ ಯಾರದೋ ಬಾಯಿಯ ಅಚ್ಚುಗಳು ಬಿಳಿ ಗಾರೆಯಲ್ಲಿ ಸಾಲಾಗಿ ಕೂತಿದ್ದವು. ಮೇಣ ಕಾಯಿಸಿ, ಕೊರೆದು, ಇಲ್ಲದ ಹಲ್ಲಿನ ಜಾಗದಲ್ಲಿ ಹಲ್ಲು ಮೂಡಿಸುವುದು ಅವಳ ಕೆಲಸ. ಈ ಬಾಯಿಗಳ ಒಡೆಯರನ್ನು ಅವಳು ನೋಡಿದ್ದಿಲ್ಲ. ರಾತ್ರಿ ಹಲ್ಲು ಕಡಿಯುವವರು, ಒಂದೇ ಕಡೆ ಅಗಿಯುವವರು, ನಗಲು ನಾಚಿಕೊಂಡು ತುಟಿ ಬಿಗಿಹಿಡಿಯುವವರು. ಹಲ್ಲಿನ ಸವೆತವೇ ಎಲ್ಲ ಹೇಳುತ್ತದೆ. ಹಾಡು ಕೇಳುವಾಗಲೂ ಅವಳಿಗೆ ಮೊದಲು ಕಿವಿಗೆ ಬೀಳುವುದು ಹಲ್ಲು. ನೆಗಡಿಯವನ ಮೇಲಿನ ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿದೆ. "ಸ" ಬಂದಾಗೆಲ್ಲ ಸಣ್ಣ ಸಿಳ್ಳೆ ಹೊರಡುತ್ತದೆ. ಅಡುಗೆಮನೆಯಲ್ಲಿ ಕೂತು ರೆಕಾರ್ಡು ಮಾಡುವ ಗಂಡಹೆಂಡತಿಯ ಜೋಡಿಯೊಂದಿದೆ. ವಿಚ್ಛೇದನವಾದ ಮೇಲೂ ಒಟ್ಟಿಗೆ ಹಾಡುತ್ತಾರೆ. ಅವನು ದನಿ ಎತ್ತುವಾಗ ಅವಳು ಉಸಿರು ಬಿಗಿಹಿಡಿಯುವುದು ಕೇಳುತ್ತದೆ, ಹಳೆಯ ಜಗಳದ ಅಭ್ಯಾಸ ಇನ್ನೂ ಹೋಗಿಲ್ಲ, ಪಾಪ. ಬಕೆಟ್ಟು ಬಡಿದುಕೊಂಡು ಒಬ್ಬನೇ ಹಾಡುವ ಇನ್ನೊಬ್ಬನಿದ್ದಾನೆ, ಶ್ರುತಿಗೂ ಅವನಿಗೂ ಆಗಿಬರುವುದಿಲ್ಲ. ಆದರೂ ತಾಯಿಯ ಬಗ್ಗೆ ಹಾಡುವಾಗ ಮಾತ್ರ ಒಂದು ಗಳಿಗೆ ಸರಿಯಾದ ಸ್ವರಕ್ಕೆ ಬಂದು ನಿಲ್ಲುತ್ತಾನೆ. ಇವರನ್ನೆಲ್ಲ ಅವಳು ಒಡಹುಟ್ಟಿದವರ ಹಾಗೆ ನೋಡಿಕೊಂಡು ಬಂದಿದ್ದಾಳೆ. ಇವರ ಹೆಸರು ಬೇರೆ ಯಾರಾದರೂ ಎತ್ತಿದರೆ ಮೊದಲು ಸಂತೋಷವಾಗುತ್ತದೆ, ಮರುಗಳಿಗೆಗೆ ತನ್ನ ತಟ್ಟೆಗೆ ಯಾರೋ ಕೈ ಹಾಕಿದಂತೆ ಸಿಟ್ಟು ಬರುತ್ತದೆ. ಅದು ಒಳ್ಳೆಯ ಗುಣವಲ್ಲ ಎಂದು ಅವಳಿಗೂ ಗೊತ್ತಿತ್ತು.

ಆಚೆ ಮೇಜಿನಲ್ಲಿ ಹಲ್ಲಿಗೆ ಪಾಲಿಶ್ ಹಿಡಿಯುವ ಅಣ್ಣ, ಯಂತ್ರದ ಗುಂಯ್‌ಗುಡುವಿಕೆಯ ನಡುವೆ, "ಏನಮ್ಮಾ, ಇವತ್ತು ಬಹಳ ಕುಣೀತಿದೀಯ?" ಎಂದು ಕೂಗಿದ. "ಯಾರು, ನಾನಾ?" "ಮತ್ತೆ? ಓಹೋ ಓಹೋ ಅಂತಿದ್ದೆ." ಅವಳ ಕೈ ನಿಂತಿತು. ಕಿವಿಯಲ್ಲಿ ಯಾವ ಹಾಡೂ ಇರಲಿಲ್ಲ. ಇಯರ್‌ಫೋನು ಯಾವಾಗಲೋ ಕೆಳಗೆ ಬಿದ್ದಿತ್ತು. ಮೇಣದ ಮೇಲೆ ಚಾಕು ಹೋಗುತ್ತಿದ್ದದ್ದು ಮಿಂಚುಪುಡಿಯ ತಾಳಕ್ಕೆ. ಅಣ್ಣ ನಕ್ಕು ಮತ್ತೆ ಯಂತ್ರ ಹಚ್ಚಿದ. ಅವಳಿಗೆ ಮೊನ್ನೆಯ ಸೌಟು ನೆನಪಾಗಿ ಕೆನ್ನೆ ಬಿಸಿಯಾಯಿತು. ಗೊತ್ತಿಲ್ಲದ ಹಾಡನ್ನು ಅಷ್ಟು ಚೆನ್ನಾಗಿ ಅಣಕಿಸಲು ಯಾರಿಗೂ ಬರುವುದಿಲ್ಲ. ಆ ಬಿಕ್ಕಳಿಕೆ ಎರಡನೇ ಸಲ ಅರ್ಧ ತಾಳ ತಡವಾಗಿ ಬರುತ್ತದೆ ಎನ್ನುವುದು ಅವಳಿಗೆ ಹೇಗೆ ಗೊತ್ತು? ಆರು ತಿಂಗಳು ಬಚ್ಚಲಿನ ಬಾಗಿಲಾಚೆಯಿಂದ ಕೇಳಿ ಕೇಳಿ ಅದು ಅವಳೊಳಗೆ ಇಳಿದಿತ್ತು. ಮಿಂಚುಪುಡಿಗೆ ಹಲ್ಲೆಲ್ಲ ಸಮ. ಒಂದು ಸಿಳ್ಳೆಯಿಲ್ಲ, ಒಂದು ಕೆಮ್ಮಿಲ್ಲ. ಆದರೆ ಅವಳ ಹಾಡು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಬಸ್ಸಿನ ಕಂಡಕ್ಟರು, ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ಮುದುಕಿ, ಹುಡುಗನ ತಾಯಿ, ಎಲ್ಲರೂ ಬನ್ನಿ ಬನ್ನಿ ಎನ್ನುತ್ತದೆ. ತನ್ನವರ ಹಾಡುಗಳು ಒಬ್ಬಳನ್ನೇ ಕರೆದು ಕೂರಿಸಿ ಮಾತಾಡುತ್ತವೆ. ಎರಡೂ ಬೇಕಲ್ಲವೇ ಮನುಷ್ಯರಿಗೆ? ಇದನ್ನು ಮೊನ್ನೆ ಹೇಳಬಹುದಿತ್ತು. ಸೌಟು ಹಿಡಿದು ಕುಣಿಯುವ ಬದಲು, "ಚೆನ್ನಾಗಿದೆ ಕಣೇ, ನೀನು ಬರುವಾಗ ಇದೇ ಇರಲಿ" ಎಂದಿದ್ದರೆ ಏನು ಗಂಟು ಹೋಗುತ್ತಿತ್ತು?

ತಂಗಿಗೆ ಹದಿನಾರಾದಾಗ ಐದು ಹುಡುಗರ ಗುಂಪೊಂದು ಎಲ್ಲ ಹುಡುಗಿಯರ ನಿದ್ದೆ ಕೆಡಿಸಿತ್ತು. ಐವರೂ ಒಂದೇ ಥರ ಕೂದಲು ಬಿಟ್ಟುಕೊಂಡು, ಒಂದೇ ಥರ ಎದೆಗೆ ಕೈಯಿಟ್ಟುಕೊಂಡು ಕುಣಿಯುತ್ತಿದ್ದರು. ಅವರ ಹಾಗೆಯೇ ಮಂಚದ ಮೇಲೆ ಕುಣಿಯಲು ಹೋಗಿ ತಂಗಿ ಮುಖ ಅಡಿಯಾಗಿ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದುಕೊಂಡಳು. ರಕ್ತ ಸುರಿಯುವ ಬಾಯಿ ಹಿಡಿದುಕೊಂಡು, "ಅಕ್ಕಾ, ಹಾಡು ನಿಲ್ಲಿಸ್ಬೇಡ" ಎಂದಿದ್ದಳು. ಆ ಮುರುಕು ಹಲ್ಲಿನ ಮೇಲೆ ಕೂರುವ ಕ್ಯಾಪು ಮಾಡಿದ್ದು ಅಕ್ಕನೇ. ಲ್ಯಾಬಿಗೆ ಸೇರಿ ಇನ್ನೂ ಕಲಿಯುತ್ತಿದ್ದ ದಿನಗಳವು. ಮೂರು ಸಲ ಕೆಡಿಸಿ ನಾಲ್ಕನೇ ಸಲ ಸರಿಯಾಗಿತ್ತು. ಬಣ್ಣ ಹೊಂದಿಸಲು ತಂಗಿಯನ್ನು ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ "ಈ ಅನ್ನು, ಈ ಅನ್ನು" ಎಂದರೆ ತಂಗಿ ಈ ಎನ್ನುವ ಬದಲು ಆ ಹುಡುಗರ ಹಾಡೇ ಹಾಡುತ್ತಿದ್ದಳು. ಇವತ್ತಿಗೂ ಯಾರೂ ಅದು ಕಟ್ಟಿಸಿದ ಹಲ್ಲೆಂದು ಹೇಳಲಾರರು. ಮೊನ್ನೆ ಎಲ್ಲರೊಂದಿಗೆ ತಂಗಿ ನಕ್ಕಾಗ ಆ ಹಲ್ಲು ಕಾಣಿಸಿರಲಿಲ್ಲ. ತುಟಿ ಬಿಗಿಹಿಡಿದು ನಕ್ಕಿದ್ದಳು. ಅದು ಆಗಲೇ ತನ್ನ ಕಣ್ಣಿಗೆ ಬಿದ್ದಿತ್ತು ಎನ್ನುವುದು ಅವಳಿಗೆ ಈಗ ನೆನಪಾಗುತ್ತಿತ್ತು.

ಕಾರ್ಯಕ್ರಮದ ಹಾಲು ಸಣ್ಣದು, ಹಳೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ. ಮಡಚುವ ಕುರ್ಚಿಗಳು, ಮೂಲೆಯಲ್ಲಿ ತಿರುಗುವ ಫ್ಯಾನು, ಕಿಟಕಿಗಳಿಗೆ ಕಪ್ಪು ಬಟ್ಟೆ. ಸಂಜೆಯ ಬೆಳಕು ಬಟ್ಟೆಯ ಅಂಚಿನಿಂದ ಗೆರೆಯಾಗಿ ಒಳಗೆ ಬರುತ್ತಿತ್ತು. ಲ್ಯಾಬಿನಿಂದ ನೇರ ಬಂದವಳು ಎರಡನೇ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟಳು. ಕನ್ನಡಿಯ ಟಿಕೆಟ್ಟನ್ನು ತಂಗಿ ನೋಡಿರುತ್ತಾಳೆ. ನೋಡಿ ಹಾಗೇ ಬಿಟ್ಟಿರುತ್ತಾಳೋ, ಚೀಲಕ್ಕೆ ಹಾಕಿಕೊಂಡಿರುತ್ತಾಳೋ? ಬಂದರೆ ಎಲ್ಲ ಸರಿಹೋದ ಹಾಗೆ. ಬರದಿದ್ದರೆ, ಮನೆಗೆ ಹೋಗಿ ತಾನೇ ಮಾತು ಎತ್ತಬೇಕು, ತಂಗಿ "ಏನಾಗಿದೆ ಈಗ, ಏನೂ ಆಗಿಲ್ಲ" ಎನ್ನುತ್ತಾಳೆ, ಆ ಮಾತು ಇಬ್ಬರ ನಡುವೆ ಜೀವಮಾನವೆಲ್ಲ ಉಳಿಯುತ್ತದೆ. ಫೋನು ಮಾಡೋಣವೆಂದು ತೆಗೆದು ಮತ್ತೆ ಒಳಗಿಟ್ಟಳು. ಸುತ್ತ ಕೂತವರೆಲ್ಲ ಅವಳ ವಯಸ್ಸಿನವರೇ, ಬೊಜ್ಜು ಬಂದವರು, ಕನ್ನಡಕದವರು. ಪ್ರತಿಯೊಬ್ಬರ ಮುಖದಲ್ಲೂ ಇವರನ್ನು ಮೊದಲು ಕಂಡುಹಿಡಿದದ್ದು ನಾನು ಎನ್ನುವ ಕಳೆ. ಅವಳಿಗೆ ನಗು ಬಂತು. ಒಬ್ಬ ದಪ್ಪನೆಯ ಮನುಷ್ಯ ಬಂದು, "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದ. "ಬರ್ತಾರೆ." ಸ್ವಲ್ಪ ಹೊತ್ತಾದ ಮೇಲೆ ಅವನೇ ಮತ್ತೆ ಬಂದು, "ಇನ್ನೂ ಬಂದಿಲ್ವಲ್ಲ ಮೇಡಂ?" ಎಂದ. "ಬರ್ತಾಳೆ ಅಂದ್ನಲ್ಲ, ನನ್ನ ತಂಗಿ!" ಎಂದಳು, ಬೇಕಾದ್ದಕ್ಕಿಂತ ಜೋರಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು.

ನೆಗಡಿಯವರು ಬಂದರು. ಗಿಟಾರಿನವನು ಈಗಲೂ ತಲೆಯೆತ್ತಲಿಲ್ಲ, ತಲೆಯ ಮೇಲೆ ಕೂದಲು ಮಾತ್ರ ಇರಲಿಲ್ಲ. ಡ್ರಮ್ಮಿನವಳು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಹಾಡುವವನು ಬ್ಯಾಂಕಿನ ಮ್ಯಾನೇಜರರ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮೊದಲ ಹಾಡಿಗೇ ಅವಳು ಮುಂದಕ್ಕೆ ಬಾಗಿ ಕೂತಳು. ಅದೇ ಮೂಗು, ಅದೇ ನೆಗಡಿ. ಆದರೆ ಏನೋ ಕಡಿಮೆಯಾಗಿತ್ತು. ಎರಡನೇ ಹಾಡಿನ ಹೊತ್ತಿಗೆ ಏನೆಂದು ತಿಳಿಯಿತು. ಸಿಳ್ಳೆ ಇರಲಿಲ್ಲ. "ಸ" ಸಾಫಾಗಿತ್ತು. ಅವನು ಹಲ್ಲು ಕಟ್ಟಿಸಿಕೊಂಡಿದ್ದ. ಬೆಳಕು ಅವನ ಬಾಯಿಯ ಮೇಲೆ ಬಿದ್ದಾಗ ಕತ್ತು ಚಾಚಿ ನೋಡಿದಳು. ಒಳ್ಳೆಯ ಕೆಲಸ, ಯಾರೋ ತಿಳಿದವರೇ ಮಾಡಿದ್ದಾರೆ, ಅಂಚಿನಲ್ಲಿ ಬಣ್ಣವೂ ಸರಿಯಾಗಿ ಕೂತಿದೆ. ಮೆಚ್ಚುಗೆಯ ಜೊತೆಗೇ, ಅಷ್ಟು ವರ್ಷ ಜೊತೆಗಿದ್ದ ಆ ಸಿಳ್ಳೆಗಾಗಿ ಅವಳಿಗೆ ದುಃಖವೂ ಆಯಿತು. ಪಾಪ, ಅವನಿಗೂ ನಗಬೇಕು ಅನ್ನಿಸಿರುತ್ತದೆ. ಆಗ ಪಕ್ಕದಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಘಾಟು ಬಂತು. ಯಾರೋ ಚೀಲವನ್ನೆತ್ತಿ ಅವಳ ತೊಡೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ತಿರುಗಿ ನೋಡಿದರೆ ತಂಗಿ, ಮೆಟ್ಟಿಲು ಹತ್ತಿದ ಏದುಸಿರು, ಬೆರಳ ಸಂದಿಯಲ್ಲಿ ಇನ್ನೂ ಕಂದು ಬಣ್ಣ. "ಬಂದ್ಯಾ" ಎಂದಳು. "ಕೊನೇ ಗಳಿಗೇಲಿ ಒಬ್ಬರು ಬಣ್ಣ ಹಚ್ಚು ಅಂತ ಬಂದ್ರು" ಎಂದಳು ತಂಗಿ ವೇದಿಕೆಯನ್ನೇ ನೋಡುತ್ತ. ಹೇಳಬೇಕೆಂದು ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. "ಮೊನ್ನೆ ನಾನು..." "ಸುಮ್ನೆ ಹಾಡು ಕೇಳಕ್ಕಾ."

ಕೊಡೆ ಹಾಡು ಶುರುವಾಯಿತು. ಮೊದಲ ಮೂರು ಸ್ವರಕ್ಕೇ ಹಾಲಿನಲ್ಲೆಲ್ಲ ಒಂದು ಹಾ ಎನ್ನುವ ಉಸಿರು ಹಾದುಹೋಯಿತು. ಅವಳು ಬೆನ್ನು ನೇರ ಮಾಡಿ ಕೂತಳು. ಕೈಗಳು ಆಗಲೇ ತೊಡೆಯ ಮೇಲೆ ತಯಾರಾಗಿದ್ದವು. ಅವನು ಜಗಳವಾಡಿದ, ಹೊರಟ, ಕೊಡೆ ಮರೆತ. ಡ್ರಮ್ಮಿನವಳು ಬೆರಳ ತುದಿಯಲ್ಲೇ ಮಳೆ ಸುರಿಸಿದಳು. ಅವಳಿಗೆ ಕಡ್ಡಿ ನೆನಪಾದಳು, ಹಾಸ್ಟೆಲಿನ ಕಬ್ಬಿಣದ ಮಂಚ ನೆನಪಾಯಿತು, ಬಾಯಲ್ಲಿ ಬೆರಳಿಟ್ಟುಕೊಂಡ ಏಳು ವರ್ಷದ ತಂಗಿ ನೆನಪಾದಳು. "ನೆನೆದು ಮರಳಿ ಬಂದರೆ ನಿನ್ನ ಬಾಗಿಲು..." ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು. ಇಡೀ ಹಾಲು ಉಸಿರು ಹಿಡಿದಿತ್ತು. ಮುಗಿದದ್ದು ಇವರಿಗೆ ಗೊತ್ತಾಗಿಲ್ಲ, ತಾನು ಹೆದರಿದ ಹಾಗೇ ಆಯಿತು ಎಂದುಕೊಂಡು ಅವಳು ಇಷ್ಟು ವರ್ಷದ ಪ್ರೀತಿಯನ್ನೆಲ್ಲ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಅವಳೊಬ್ಬಳದೇ ಆಗಿತ್ತು. ಮುಂದಿನ ಸಾಲಿನ ತಲೆಗಳು ತಿರುಗಿದವು. ಆ ದಪ್ಪನೆಯ ಮನುಷ್ಯ ಗೋಡೆಗೊರಗಿ ನಿಂತು ಅವಳನ್ನೇ ನೋಡುತ್ತಿದ್ದ. ಡ್ರಮ್ಮಿನವಳ ಕೋಲುಗಳು ಗಾಳಿಯಲ್ಲೇ ಇದ್ದವು, ಇಳಿಯಲು ಕಾಯುತ್ತ. ಅವುಗಳನ್ನು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಹಾಡು ಮುಗಿದಿರಲಿಲ್ಲ. ಕೈಗಳು ಎದೆಯ ಮುಂದೆ ಅರ್ಧ ತೆರೆದು ನಿಂತುಬಿಟ್ಟವು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಪಕ್ಕದಲ್ಲೇ ಪಟಪಟನೆ ಚಪ್ಪಾಳೆ ಕೇಳಿಸಿತು. ತಂಗಿ. ಕತ್ತು ನೆಟ್ಟಗೆ ಮಾಡಿಕೊಂಡು, ಇದಕ್ಕಿಂತ ಸರಿಯಾದ ಜಾಗವೇ ಇಲ್ಲ ಎನ್ನುವ ಹಾಗೆ, ಅವಳಿಗಿಂತ ಜೋರಾಗಿ ತಟ್ಟುತ್ತಿದ್ದಳು. ತಿರುಗಿದ ತಲೆಗಳೆಲ್ಲ ಈಗ ತಂಗಿಯನ್ನು ನೋಡತೊಡಗಿದವು. ಹಾಡುವವನು ಮೈಕಿನ ಹತ್ತಿರ ಬಾಯಿ ತಂದು ಮೆತ್ತಗೆ, "ಇನ್ನೂ ಇದೆ" ಎಂದ. ಹಾಲೆಲ್ಲ ನಕ್ಕಿತು, ಹಗುರವಾದ ನಗು. ಕೋಲುಗಳು ಇಳಿದವು.

"ತೆರೆದೇ ಇತ್ತು, ತೆರೆದೇ ಇತ್ತು, ನಿನ್ನ ಬಾಗಿಲು ತೆರೆದೇ ಇತ್ತು!" ಹಾಡುವವನು ಸುಮ್ಮನಾಗಿ ಮೈಕನ್ನು ಜನರ ಕಡೆ ತಿರುಗಿಸಿದ. ಎಲ್ಲರಿಗೂ ಗೊತ್ತಿತ್ತು. ಬೊಜ್ಜಿನವರು, ಕನ್ನಡಕದವರು, ಗೋಡೆಗೊರಗಿದ ದಪ್ಪನೆಯ ಮನುಷ್ಯ, ಎಲ್ಲರೂ ಕೈ ಮೇಲೆತ್ತಿ ತೂಗುತ್ತ, ಲಲ್ಲಲಾ ಎನ್ನುತ್ತ, ಮಿಂಚುಪುಡಿಯ ಹಾಡಿಗೆ ಬಸ್ಸಿನಲ್ಲಿ ತಲೆಯಾಡಿಸುವವರ ಹಾಗೇ ಹಾಡಿದರು. ಚಿಲಕವೂ ಇರಲಿಲ್ಲ, ಏನೂ ಇರಲಿಲ್ಲ. ಕ್ಯಾಸೆಟ್ಟು ತುಂಬುವಾಗ ಆ ಮೌನದಲ್ಲಿ ಕಡ್ಡಿಗೂ ಮುಗಿಯಿತು ಅನ್ನಿಸಿರಬೇಕು, ಇಲ್ಲವೇ ಅವಳನ್ನು ಯಾರೋ ಊಟಕ್ಕೆ ಕರೆದಿರಬೇಕು. ಟೇಪ್‌ರೆಕಾರ್ಡರಿನ ಗುಂಡಿಯನ್ನು ಟಕ್ಕೆಂದು ಒತ್ತಿ ಎದ್ದುಹೋಗಿದ್ದಳು. ಆ ಒಂದು ಟಕ್ಕಿನಲ್ಲಿ ಇವಳು ಇಷ್ಟು ವರ್ಷ ಬದುಕಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ತಂಗಿಯ ಕಡೆ ತಿರುಗಿದಳು. ತಂಗಿ ಹಾಡುತ್ತಿದ್ದಳು. ಒಂದಕ್ಷರ ತಪ್ಪದೆ, ಎರಡನೇ ಸಲ ಸಾಲು ಬದಲಾಗುವಲ್ಲಿ ತಾನೂ ಬದಲಾಯಿಸಿಕೊಂಡು, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಹೋದ ವರ್ಷ ಪಾರ್ಲರಿನಿಂದ ಬಂದು ಚೀಲವನ್ನೂ ಇಳಿಸದೆ ನಿಂತದ್ದು, ಮೊನ್ನೆ ಹುಡುಗ ಬಾಯಿ ತೆರೆದ ಕೂಡಲೇ ಅವನ ತಟ್ಟೆ ತುಂಬಿಸಿದ್ದು, ಎಲ್ಲ ಒಂದೊಂದಾಗಿ ಅವಳ ಮುಂದೆ ಬಂದು ನಿಂತವು. ತಂಗಿಯ ತುಟಿ ನೋಡಿಕೊಂಡು, ಗೊತ್ತಿಲ್ಲದ ಮಾತುಗಳನ್ನು ಒಂದು ತಾಳ ತಡವಾಗಿ ಹಿಡಿಯುತ್ತ, ಅವಳೂ ಹಾಡಿದಳು. ತಂಗಿಯ ಬಾಯಿ ಪೂರ್ತಿ ತೆರೆದಿತ್ತು. ತಾನು ಮಾಡಿದ ಹಲ್ಲು ಯಾವುದೆಂದು ಅವಳಿಗೂ ಒಂದು ಗಳಿಗೆ ಹೊಳೆಯಲಿಲ್ಲ.

ಮೆಟ್ಟಿಲಿಳಿದು ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಇಬ್ಬರೂ ಮನೆಯ ಕಡೆ ನಡೆದರು.

"ನೀನು ಒಳಗೆ ಬರುವಾಗ ಮಿಂಚುಪುಡಿ ಹಾಡೇ ಇರಲಿ" ಎಂದಳು ಅವಳು. "ಕೆಟ್ಟದಾಗಿ ಆಡಿಬಿಟ್ಟೆ ಮೊನ್ನೆ. ನಂಗೆ ಆ ಹಾಡು ಇಷ್ಟ ಕಣೇ. ನಿಜವಾಗ್ಲೂ."

"ಗೊತ್ತು. ಇಷ್ಟ ಇಲ್ದೆ ಆ ಬಿಕ್ಕಳಿಕೆ ಅಷ್ಟು ಸರಿಯಾಗಿ ಬರುತ್ತಾ?"

"ನೋಡ್ತಿರು, ನಾನೇ ಮೊದಲು ಚಪ್ಪಾಳೆ ತಟ್ತೀನಿ."

"ಎಲ್ಲಿ ತಟ್ಬೇಕು ಅಂತ ಮೊದಲೇ ಕೇಳಿಟ್ಕೋ."

ಅವಳು ತಂಗಿಯ ಬೆನ್ನಿಗೊಂದು ಗುದ್ದಿದಳು. ತಂಗಿ ಕಿಸಕ್ಕನೆ ನಕ್ಕಳು, ಹಲ್ಲು ಕಾಣುವ ಹಾಗೆ. ಬೀದಿಯ ತಿರುವಿನಲ್ಲಿ ವಾಹನಗಳು ಹೋಗಲೆಂದು ನಿಂತಾಗ, ಕೇಳಬೇಕೋ ಬೇಡವೋ ಎಂದು ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಕೇಳಿದಳು.

"ಹಾಡು ಮುಗಿದಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲ. ಮತ್ತೆ ಯಾಕೆ ತಟ್ಟಿದೆ?"

ತಂಗಿ ರಸ್ತೆಯ ಆ ಕಡೆ ಈ ಕಡೆ ನೋಡಿ, ಅವಳ ಕೈ ಹಿಡಿದು ದಾಟಿಸುತ್ತ ಹೇಳಿದಳು: "ನೀನು ತಟ್ಟಿದೆಯಲ್ಲ."

ಆಚೆ ಬದಿಗೆ ಬಂದ ಮೇಲೂ ಕೈ ಬಿಡಲಿಲ್ಲ. ಒಂದಷ್ಟು ದೂರ ಹೋದ ಮೇಲೆ ತಂಗಿ ಸಣ್ಣಗೆ ಹಾಡಿಕೊಳ್ಳತೊಡಗಿದಳು.